ಏಳಕ್ಕೋ ಎಂಟಕ್ಕೋ? ಚಾರ್ಟ್‌ನಲ್ಲಿ ಲಂಡನ್, ನ್ಯೂಯಾರ್ಕ್ ಸೆಷನ್ ಸರಿಯಾಗಿ ಹಾಕುವುದು ಹೇಗೆ

(ಸ್ಕ್ರೀನ್ ಮೇಲೆ: ಅಮೆರಿಕದ ಒಂದು ಶೇರಿನ 15 ನಿಮಿಷದ ಚಾರ್ಟ್, ಜನವರಿ ಮತ್ತು ಜುಲೈ ಪಕ್ಕಪಕ್ಕ)

ಸೆಷನ್ ಅಂದರೆ ಒಂದು ಮಾರುಕಟ್ಟೆ ತೆರೆದಿರುವ ಹೊತ್ತು. ಈ ಎರಡು ಚಾರ್ಟ್ ನೋಡಿ ಮಾರಾಯ್ರೇ. ಎಡಗಡೆ ಜನವರಿ, ಬಲಗಡೆ ಜುಲೈ. ಎರಡರಲ್ಲೂ ನಮ್ಮ ರಾತ್ರಿ 8 ಗಂಟೆಗೆ ಗೆರೆ ಎಳೆದಿದ್ದೇನೆ. ಜನವರಿಯಲ್ಲಿ ಗೆರೆ ಬಿದ್ದಲ್ಲೇ ಮಾರ್ಕೆಟ್ ಓಪನ್. ಜುಲೈಯಲ್ಲಿ ಗೆರೆ ಬರುವಷ್ಟರಲ್ಲಿ ಓಪನ್ ಆಗಿ ಒಂದು ಗಂಟೆ ಕಳೆದಿದೆ. ಗೆರೆ ಅದೇ, ಗಂಟೆ ಅದೇ, ಆದರೂ ಒಂದು ತಪ್ಪು.

ಕಾರಣ ಇಷ್ಟೇ: ಅಮೆರಿಕ, ಬ್ರಿಟನ್‌ನಲ್ಲಿ ಬೇಸಿಗೆಗೆ ಗಡಿಯಾರವನ್ನು ಒಂದು ಗಂಟೆ ಮುಂದೆ ಮಾಡುತ್ತಾರೆ, ಚಳಿಗಾಲಕ್ಕೆ ವಾಪಸ್ ಹಿಂದೆ. ಕುಡ್ಲದಲ್ಲಿ (ಮಂಗಳೂರಿನಲ್ಲಿ) ಕೂತು ನೋಡುವವರಿಗೆ ಇದು ತಟ್ಟನೆ ಹೊಳೆಯುವುದಿಲ್ಲ, ಯಾಕೆಂದರೆ ಗಡಿಯಾರ ಹಿಂದೆ ಮುಂದೆ ಮಾಡುವುದು ನಮಗೆ ಗೊತ್ತೇ ಇಲ್ಲ. ಎರಡನೇ ಮಹಾಯುದ್ಧದ ಹೊತ್ತಿಗೆ ಇಲ್ಲೂ ಒಂದು ಗಂಟೆ ಮುಂದೆ ಮಾಡಿದ್ದರು, 1945ಕ್ಕೆ ಅದು ಮುಗಿದ ಕಥೆ. ಇಲ್ಲಿಂದ ಎಷ್ಟೋ ಮನೆಗಳವರು ಗಲ್ಫ್‌ಗೆ ಫೋನ್ ಮಾಡುತ್ತಾರೆ, ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ವರ್ಷವಿಡೀ ಅಷ್ಟೇ. ನ್ಯೂಯಾರ್ಕೂ ಹಾಗೇ ಇರಬೇಕು ಅಂತ ಅನಿಸುವುದು ಸಹಜ, ಅಲ್ವಾ?

ನ್ಯೂಯಾರ್ಕ್ ಶೇರು ಮಾರುಕಟ್ಟೆ ಅಲ್ಲಿನ ಬೆಳಿಗ್ಗೆ 9:30ಕ್ಕೆ ತೆರೆಯುತ್ತದೆ. ನಮಗೆ ಬೇಸಿಗೆಯಲ್ಲಿ ಅದು ಸಂಜೆ 7, ಚಳಿಗಾಲದಲ್ಲಿ ರಾತ್ರಿ 8. ಬೇಸಿಗೆ ಅಂದರೆ ಅವರದ್ದು, ಮಾರ್ಚ್‌ನಿಂದ ನವೆಂಬರ್‌ವರೆಗೆ. ಲಂಡನ್ ತೆರೆಯುವುದು ಅಲ್ಲಿನ 8ಕ್ಕೆ: ನಮಗೆ ಮಧ್ಯಾಹ್ನ 12:30 ಅಥವಾ 1:30. ಟೋಕಿಯೊದ್ದು ತಲೆಬಿಸಿ ಇಲ್ಲ. ಅಲ್ಲಿ ಗಡಿಯಾರ ಬದಲಾಗುವುದಿಲ್ಲ, ಯಾವಾಗಲೂ ನಮ್ಮ ಬೆಳಿಗ್ಗೆ 5:30.

ನಮ್ಮ ಸರಕು ಮಾರುಕಟ್ಟೆ ಎಂಸಿಎಕ್ಸ್‌ನಲ್ಲಿ ಚಿನ್ನ, ಕಚ್ಚಾ ತೈಲ ನೋಡುವವರು ಇದನ್ನು ಬೇರೆ ರೂಪದಲ್ಲಿ ಕಂಡಿರುತ್ತೀರಿ. ಅಲ್ಲಿ ಟ್ರೇಡಿಂಗ್ ರಾತ್ರಿ 11:30ಕ್ಕೆ ಮುಗಿಯುವುದು ಕೆಲವು ತಿಂಗಳು, 11:55ಕ್ಕೆ ಮುಗಿಯುವುದು ಇನ್ನು ಕೆಲವು ತಿಂಗಳು. ಅದಕ್ಕೂ ಕಾರಣ ಅಮೆರಿಕದ ಗಡಿಯಾರವೇ.

ಇಷ್ಟೇ ಆಗಿದ್ದರೆ ಬೇಸಿಗೆಗೊಂದು, ಚಳಿಗಾಲಕ್ಕೊಂದು ಅಂತ ಎರಡು ಸೆಟ್ಟಿಂಗ್ ಇಟ್ಟುಕೊಂಡು ಸುಮ್ನೆ ಇರಬಹುದಿತ್ತು. ನಿಜವಾದ ತೊಂದರೆ ನಡುವಿನ ವಾರಗಳದ್ದು. ಅಮೆರಿಕ ಗಡಿಯಾರ ಮುಂದೆ ಮಾಡುವುದು ಮಾರ್ಚ್‌ನ ಎರಡನೇ ಭಾನುವಾರ, ಬ್ರಿಟನ್ ಮಾರ್ಚ್‌ನ ಕೊನೆಯ ಭಾನುವಾರ. 2026ರಲ್ಲಿ ಒಂದು ಮಾರ್ಚ್ 8, ಇನ್ನೊಂದು ಮಾರ್ಚ್ 29. ಆ ಮೂರು ವಾರ ನ್ಯೂಯಾರ್ಕ್ ನಮಗೆ 7ಕ್ಕೆ ಬಂದಿರುತ್ತದೆ, ಲಂಡನ್ ಮಾತ್ರ ಇನ್ನೂ 1:30ಕ್ಕೇ ತೆರೆದು ರಾತ್ರಿ 10ಕ್ಕೆ ಮುಚ್ಚುತ್ತದೆ. ಮಾಮೂಲಿಯಾಗಿ ಎರಡೂ ಶೇರು ಮಾರುಕಟ್ಟೆ ಒಟ್ಟಿಗೆ ತೆರೆದಿರುವುದು ಎರಡು ಗಂಟೆ, ಆಗ ಮೂರು ಗಂಟೆ. ವಾಪಸ್ ಬರುವಾಗಲೂ ಅದೇ ರಗಳೆ, ಸ್ವಲ್ಪ ಚಿಕ್ಕದು: ಬ್ರಿಟನ್ ಅಕ್ಟೋಬರ್ 25ಕ್ಕೆ, ಅಮೆರಿಕ ನವೆಂಬರ್ 1ಕ್ಕೆ. ಸಿಡ್ನಿಯಂತೂ ಪೂರ್ತಿ ಉಲ್ಟಾ, ಏಪ್ರಿಲ್‌ನಲ್ಲಿ ಹಿಂದೆ, ಅಕ್ಟೋಬರ್‌ನಲ್ಲಿ ಮುಂದೆ.

(ಸ್ಕ್ರೀನ್ ಮೇಲೆ: ಪೈನ್ ಸ್ಕ್ರಿಪ್ಟ್ ಎಡಿಟರ್, ಟ್ರೇಡಿಂಗ್‌ವ್ಯೂ ಅನ್ನುವ ಚಾರ್ಟ್ ವೆಬ್‌ಸೈಟ್‌ನಲ್ಲಿ ಕೋಡ್ ಬರೆಯುವ ಜಾಗ)

ಹಾಗಾಗಿ ನನ್ನ ಪ್ರಕಾರ ಸೆಷನ್ ಸಮಯವನ್ನು ಭಾರತದ ಗಂಟೆಯಲ್ಲಿ ಬರೆದಿಡಲೇಬಾರದು. ಯಾವ ಊರಿನ ಮಾರುಕಟ್ಟೆಯೋ ಆ ಊರಿನ ಗಂಟೆಯಲ್ಲೇ ಬರೆಯಿರಿ. ಟ್ರೇಡಿಂಗ್‌ವ್ಯೂನಲ್ಲಾದರೆ ಟೈಮ್ ಫಂಕ್ಷನ್‌ಗೆ ಟೈಮ್‌ಫ್ರೇಮ್ ಕೊಟ್ಟು, 0930-1600 ಅಂತ ಸೆಷನ್ ಕೊಟ್ಟು, ಮೂರನೆಯದಾಗಿ ಅಮೆರಿಕ/ನ್ಯೂಯಾರ್ಕ್ (America/New_York) ಅನ್ನುವ ಟೈಮ್‌ಝೋನ್ ಹೆಸರು ಕೊಡಿ. ಲಂಡನ್‌ಗೆ ಯುರೋಪ್/ಲಂಡನ್ (Europe/London). ಈ ಊರಿನ ಹೆಸರುಗಳ ಹಿಂದೆ ಐಎಎನ್ಎ ಅನ್ನುವ ಇಂಟರ್ನೆಟ್ ಸಂಸ್ಥೆಯ ಒಂದು ದೊಡ್ಡ ಪಟ್ಟಿ ಉಂಟು, ಯಾವ ವರ್ಷ ಯಾವ ದಿನ ಗಡಿಯಾರ ಬದಲಾಯಿತು ಅಂತ ಅದಕ್ಕೆ ಗೊತ್ತು. ಮೂರನೆಯದನ್ನು ಕೊಡದೆ ಬಿಟ್ಟರೆ ಆ ಸಿಂಬಲ್‌ನ (ಚಾರ್ಟ್‌ನಲ್ಲಿರುವ ಶೇರಿನ) ಎಕ್ಸ್‌ಚೇಂಜ್‌ನ ಸಮಯವನ್ನೇ ತೆಗೆದುಕೊಳ್ಳುತ್ತದೆ. ಮತ್ತೆ, ಚಾರ್ಟ್‌ನ ಕೆಳಗೆ ಬಲಮೂಲೆಯಲ್ಲಿ ಕೋಲ್ಕತ್ತಾ ಅಂತ ಬದಲಾಯಿಸಿದ್ದೇನಲ್ಲ ಅಂತ ತುಂಬಾ ಜನ ಹೇಳುತ್ತಾರೆ. ಅದು ಕಣ್ಣಿಗೆ ಕಾಣುವ ಗಂಟೆಯನ್ನಷ್ಟೇ ಬದಲಾಯಿಸುತ್ತದೆ, ನಿಮ್ಮ ಸ್ಕ್ರಿಪ್ಟ್‌ನ ಲೆಕ್ಕಕ್ಕೆ ಕೈ ಹಾಕುವುದಿಲ್ಲ.

ನ್ಯೂಯಾರ್ಕ್ ಸಮಯಕ್ಕೆ ಇಎಸ್‌ಟಿ ಅಂತ ಮೂರಕ್ಷರ ಹಾಕಬೇಡಿ, ಯುಟಿಸಿ-5 (ಜಗತ್ತಿನ ಮೂಲ ಸಮಯ ಯುಟಿಸಿಗಿಂತ ಐದು ಗಂಟೆ ಹಿಂದೆ) ಅಂತಲೂ ಹಾಕಬೇಡಿ. ಅದು ಚಳಿಗಾಲದ ಲೆಕ್ಕ. ಜುಲೈಯಲ್ಲಿ ಮತ್ತೆ ಅದೇ ಒಂದು ಗಂಟೆಯ ಗೋಳು.

ಹಳೇ ಡೇಟಾ ಇಟ್ಟು ಬ್ಯಾಕ್‌ಟೆಸ್ಟ್ ಮಾಡುವವರಿಗೆ (ತಮ್ಮ ಟ್ರೇಡಿಂಗ್ ವಿಧಾನವನ್ನು ಹಿಂದಿನ ಬೆಲೆಗಳ ಮೇಲೆ ಪರೀಕ್ಷಿಸುವವರಿಗೆ) ಇದು ಇನ್ನೂ ಜಾಸ್ತಿ ಬೇಕು. ಅಮೆರಿಕದ ಈಗಿನ ನಿಯಮ ಬಂದದ್ದೇ 2007ರಲ್ಲಿ. ಅದಕ್ಕೂ ಮೊದಲು ಏಪ್ರಿಲ್‌ನ ಮೊದಲ ಭಾನುವಾರದಿಂದ ಅಕ್ಟೋಬರ್‌ನ ಕೊನೆಯ ಭಾನುವಾರದವರೆಗೆ ಇತ್ತು. ಪೈಥಾನ್ ಕೋಡ್‌ನಲ್ಲಿ ಝೋನ್‌ಇನ್ಫೋ (zoneinfo) ಬಳಸಿದರೆ ಆ ಲೆಕ್ಕವೂ ಸಿಗುತ್ತದೆ. ಡೇಟಾವನ್ನು ಯುಟಿಸಿಯಲ್ಲಿ ಇಡಿ, ಸೆಷನ್ ಹುಡುಕುವಾಗ ಮಾತ್ರ ಊರಿನ ಸಮಯಕ್ಕೆ ತನ್ನಿ. ನವೆಂಬರ್‌ನ ಆ ಭಾನುವಾರ ನ್ಯೂಯಾರ್ಕ್‌ನಲ್ಲಿ ರಾತ್ರಿ 1ರಿಂದ 2ರ ಗಂಟೆ ಎರಡು ಸಲ ಬರುತ್ತದೆ. ಶೇರು ಮಾರುಕಟ್ಟೆಗೆ ರಜೆ, ಬಚಾವ್. ಕ್ರಿಪ್ಟೋ ಡೇಟಾವನ್ನು ಊರಿನ ಸಮಯದಲ್ಲಿ ಇಟ್ಟವರಿಗೆ ಒಂದೇ ಗಂಟೆಗೆ ಎರಡೆರಡು ಕ್ಯಾಂಡಲ್ (ಒಂದು ಅವಧಿಯ ಬೆಲೆ ತೋರಿಸುವ ಕಂಬ).

ಮೆಟಾಟ್ರೇಡರ್ ಅನ್ನುವ ಟ್ರೇಡಿಂಗ್ ಸಾಫ್ಟ್‌ವೇರ್‌ನಲ್ಲಿ ಇನ್ನೊಂದು ಉಂಟು. ಹಲವು ಬ್ರೋಕರ್‌ಗಳ ಸರ್ವರ್ ಚಳಿಗಾಲದಲ್ಲಿ ಯುಟಿಸಿ+2, ಬೇಸಿಗೆಯಲ್ಲಿ ಯುಟಿಸಿ+3 ಇರುತ್ತದೆ, ನ್ಯೂಯಾರ್ಕ್‌ನ ಸಂಜೆ 5ಕ್ಕೆ ದಿನದ ಕ್ಯಾಂಡಲ್ ಮುಗಿಯಲಿ ಅಂತ. ನಿಮ್ಮ ಸ್ನೇಹಿತರ ಚಾರ್ಟ್‌ನ ನಾಲ್ಕು ಗಂಟೆ ಕ್ಯಾಂಡಲ್ ನಿಮ್ಮದಕ್ಕೆ ಹೊಂದದಿದ್ದರೆ ಜಗಳ ಬೇಡ, ಮೊದಲು ಸರ್ವರ್ ಸಮಯ ಕೇಳಿ. (ಅಂದ ಹಾಗೆ ಚಾರ್ಟ್ ನೋಡುವುದಕ್ಕೆ ತಡೆ ಇಲ್ಲ, ಆದರೆ ಆರ್‌ಬಿಐ ಅನುಮತಿ ಇಲ್ಲದ ವೇದಿಕೆಗಳಲ್ಲಿ ಫಾರೆಕ್ಸ್ (ವಿದೇಶಿ ಕರೆನ್ಸಿ) ಟ್ರೇಡ್ ಮಾಡಿದರೆ ವಿದೇಶಿ ವಿನಿಮಯದ ಫೆಮಾ ಕಾನೂನಿನ ಕೇಸ್ ಬೀಳಬಹುದು.)

ನಿಮ್ಮ ಇಂಡಿಕೇಟರ್ (ಚಾರ್ಟ್ ಮೇಲೆ ಸೆಷನ್‌ಗಳನ್ನು ಡಬ್ಬ ಹಾಕಿ ತೋರಿಸುವ ಸ್ಕ್ರಿಪ್ಟ್) ಸರಿ ಉಂಟಾ ಅಂತ ನೋಡಬೇಕಾದರೆ 2026ರ ಮೂರು ದಿನ ಸಾಕು. ಮಾರ್ಚ್ 6 ಶುಕ್ರವಾರ ಲಂಡನ್ ಡಬ್ಬ 1:30ಕ್ಕೆ, ನ್ಯೂಯಾರ್ಕ್ 8ಕ್ಕೆ ಶುರುವಾಗಬೇಕು. ಮಾರ್ಚ್ 9 ಸೋಮವಾರ ನ್ಯೂಯಾರ್ಕ್ ಮಾತ್ರ 7ಕ್ಕೆ ಬರಬೇಕು. ಮಾರ್ಚ್ 30ಕ್ಕೆ ಲಂಡನ್ 12:30. ಮಾರ್ಚ್ 9ರಂದೇ ಎರಡೂ ಒಟ್ಟಿಗೆ ಜಿಗಿದಿದ್ದರೆ, ಕೋಡ್ ಬರೆದವರು ಎರಡು ದೇಶಕ್ಕೂ ಒಂದೇ ಸ್ವಿಚ್ ಇಟ್ಟಿದ್ದಾರೆ. ಅಂಥ ಇಂಡಿಕೇಟರ್ ಫ್ರೀ ಸಿಕ್ಕಿದರೂ ನಾನಂತೂ ಬಳಸುವುದಿಲ್ಲ.