ನಂದಗಿರಿಯ ಹೆಸರು

ಕೇಳುಗರೆಲ್ಲರಿಗೂ ನಮಸ್ಕಾರ. ಚಿಕ್ಕಬಳ್ಳಾಪುರದ ಹೊಲದಲ್ಲಿರುವವರೂ ಕೋಲಾರದ ರೇಷ್ಮೆ ಮನೆಯಲ್ಲಿರುವವರೂ ದಿನವೂ ಹೇಳುವ ಒಂದು ಬೆಟ್ಟದ ಹೆಸರನ್ನು ಕುರಿತು ನಾನು ಈ ಹೊತ್ತು ಮಾತನಾಡುತ್ತೇನೆ. ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದಲ್ಲಿರುವ ಆ ಶಿಖರದ ಹಳೆಯ ಹೆಸರು ನಂದಗಿರಿ. ‘ನಂದಿ ಹಿಲ್ಸ್’ ಅಲ್ಲ.

ತಲಕಾಡಿನ ಗಂಗರು ತಮ್ಮ ಶಾಸನಗಳಲ್ಲಿ ‘ಕುವಳಾಲಪುರವರೇಶ್ವರ’, ‘ನಂದಗಿರಿನಾಥ’ ಎಂಬ ಬಿರುದುಗಳನ್ನು ಜೊತೆಜೊತೆಯಾಗಿ ಹೇಳಿಕೊಂಡಿದ್ದಾರೆ. ಕುವಳಾಲವೆಂದರೆ ಇಂದಿನ ಕೋಲಾರ. ರಾಜಧಾನಿ ತಲಕಾಡಿಗೆ ಹೋದ ಮೇಲೂ ಆ ಅರಸರು ಈ ಊರನ್ನಾಗಲಿ ಈ ಬೆಟ್ಟವನ್ನಾಗಲಿ ತಮ್ಮ ಬಿರುದಿನಿಂದ ಬಿಡಲಿಲ್ಲ.

ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿಗಳೊಡನೆ ಸುಲ್ತಾನ್‌ಪೇಟೆಯ ಕಡೆಯ ಮೆಟ್ಟಿಲು ಹತ್ತುತ್ತಿದ್ದೆ. ನಡುದಾರಿಯಲ್ಲಿ ದಣಿವಾರಿಸಿಕೊಳ್ಳಲು ಕುಳಿತಾಗ ಒಬ್ಬ ಹುಡುಗ, “ಸಾರ್, ಹಿಲ್ಸ್‌ಗೆ ಮೊದಲು ಏನಂತಿದ್ದರು?” ಎಂದು ಕೇಳಿದ. ನಾನು ಬಾಯಿ ತೆರೆಯುವಷ್ಟರಲ್ಲಿ, ಸೀಬೆಹಣ್ಣಿನ ಬುಟ್ಟಿ ಹೊತ್ತು ನಮ್ಮೊಡನೆ ಬರುತ್ತಿದ್ದ ಅಜ್ಜಿಯೊಬ್ಬರು ಬುಟ್ಟಿಯಿಳಿಸಿ, “ದುರ್ಗ ಅಂತಿದ್ದರು ಕಣಪ್ಪಾ. ನಮ್ಮಜ್ಜೀನೂ ದುರ್ಗ ಅಂತಿದ್ದಳು, ನಾನೂ ಅಂತೀನಿ. ಆ ಗೋಡೆ ಕಾಣಲ್ವಾ ನಿಂಗೆ?” ಎಂದು ಮೇಲಿನ ಕೋಟೆಯತ್ತ ಕೈ ತೋರಿಸಿದರು. ಅವರ ಮಾತು ಸರಿಯಾದದ್ದು. ಹೈದರ್ ಮತ್ತು ಟಿಪ್ಪು ಬಲಪಡಿಸಿದ ಆ ಕೋಟೆ ಇಂಗ್ಲಿಷರ ದಳಪತಿ ಕಾರ್ನ್‌ವಾಲಿಸನ ಸೇನೆಯೆದುರು ಸುಮಾರು ಮೂರು ವಾರ ನಿಂತು, 1791ರ ಅಕ್ಟೋಬರ್ 19ರಂದು ಬಿದ್ದಿತು. ಪುಸ್ತಕ ನೋಡದೆಯೇ ಆ ತಾಯಿ ಬೆಟ್ಟದ ಎರಡನೆಯ ಹೆಸರನ್ನು ಕಾಪಾಡಿಕೊಂಡು ಬಂದಿದ್ದರು. ಹುಡುಗ ಅದನ್ನು ಅಲ್ಲೇ ಬರೆದುಕೊಂಡ.

ಅದೇ ನಂದಿದುರ್ಗವನ್ನು ಇಂಗ್ಲಿಷರು ‘ನಂದಿಡ್ರೂಗ್’ ಎಂದು ತಿರುಚಿದರು. ಮೈಸೂರು ಸೀಮೆಯನ್ನು ಇಂಗ್ಲಿಷ್ ಕಮಿಷನರರು ಆಳುತ್ತಿದ್ದ ಕಾಲದಲ್ಲಿ ಬೆಂಗಳೂರು, ಕೋಲಾರ, ತುಮಕೂರು ಮೂರೂ ಜಿಲ್ಲೆಗಳು ನಂದಿದುರ್ಗ ವಿಭಾಗಕ್ಕೆ ಸೇರಿದ್ದವು. ಕೋಲಾರದ ಚಿನ್ನದ ಗಣಿಗಳಲ್ಲಿ ಒಂದಕ್ಕೂ ಇದೇ ಬೆಟ್ಟದ ಹೆಸರು. ಇಷ್ಟಾದರೂ ನಮ್ಮ ಮಕ್ಕಳು ‘ಹಿಲ್ಸ್’ ಎಂದೇ ಕಲಿಯುತ್ತಿರುವುದನ್ನು ನಾನು ಸಹಿಸಲಾರೆ.

ಅರ್ಕಾವತಿ ಹುಟ್ಟುವುದೂ ಇಲ್ಲಿಯೇ. ಕೆಳಗೆ ಭೋಗನಂದೀಶ್ವರ, ಮೇಲೆ ಯೋಗನಂದೀಶ್ವರ. ಅವುಗಳ ವಿವರಕ್ಕೆ ಈಗ ಸಮಯವಿಲ್ಲ. ಉಪಾಧ್ಯಾಯ ಬಂಧುಗಳಲ್ಲಿ ಒಂದೇ ವಿನಂತಿ: ಮುಂದಿನ ಪ್ರವಾಸದ ಸೂಚನಾಪತ್ರದಲ್ಲಿ ದಯವಿಟ್ಟು ನಂದಗಿರಿ ಎಂದು ಬರೆಯಿರಿ, ಆವರಣದಲ್ಲಿ ನಂದಿದುರ್ಗ ಎಂದು ಸೇರಿಸಿರಿ. ನಮಸ್ಕಾರ.