ಮಾತ್ರೆಗಳ ಚೀಲವನ್ನು ಮೊದಲು ಬಿಚ್ಚಬೇಕು: ತುರ್ತು ಚಿಕಿತ್ಸೆಯಲ್ಲಿ ವಯೋವೃದ್ಧರ ಔಷಧ ಸುರಕ್ಷತೆ

ಆತ್ಮೀಯ ಸಹೋದ್ಯೋಗಿಗಳೇ, ಮನೆಯಲ್ಲಿ ವೃದ್ಧರ ಆರೈಕೆ ಮಾಡುತ್ತಿರುವ ಬಂಧುಗಳೇ,

ಎಂಬತ್ತು ದಾಟಿದವರೊಬ್ಬರನ್ನು ತುರ್ತು ಚಿಕಿತ್ಸಾ ಘಟಕಕ್ಕೆ ಕರೆತಂದಾಗ ನಾಡಿ, ರಕ್ತದೊತ್ತಡ, ಉಸಿರಾಟಗಳನ್ನು ನಾವು ಕೆಲವೇ ನಿಮಿಷಗಳಲ್ಲಿ ನೋಡಿ ಮುಗಿಸುತ್ತೇವೆ. ಅವರು ದಿನವೂ ಯಾವ ಮಾತ್ರೆ ನುಂಗುತ್ತಾರೆ ಎಂಬ ಪ್ರಶ್ನೆಯನ್ನು ಮಾತ್ರ ಎಷ್ಟೋ ವೇಳೆ ವಾರ್ಡಿಗೆ ಸಾಗಿಸುವ ಹೊತ್ತಿಗೆ ಕೇಳುತ್ತೇವೆ. ಈ ಕ್ರಮ ಬದಲಾಗಬೇಕೆಂದು ಕೇಳಿಕೊಳ್ಳಲು ಇಂದು ನಿಮ್ಮ ಮುಂದೆ ನಿಂತಿದ್ದೇನೆ. ವೃದ್ಧ ರೋಗಿಯ ಔಷಧದ ಪಟ್ಟಿಯನ್ನು ನಾನು ರೋಗನಿದಾನದ ಒಂದು ಪರೀಕ್ಷೆಯೆಂದೇ ಎಣಿಸುತ್ತೇನೆ.

ಔಷಧದ ದುಷ್ಪರಿಣಾಮದಿಂದ ತುರ್ತಾಗಿ ಆಸ್ಪತ್ರೆ ಸೇರಿದ, 65 ವರ್ಷ ತುಂಬಿದವರ ಬಗ್ಗೆ ಅಮೆರಿಕದಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಅಂಥ ದಾಖಲಾತಿಗಳಲ್ಲಿ ಸುಮಾರು ಮೂರನೇ ಎರಡು ಭಾಗಕ್ಕೆ ಕಾರಣವಾದದ್ದು ರಕ್ತ ತೆಳುವಾಗಿಸುವ ವಾರ್ಫರಿನ್, ಇನ್ಸುಲಿನ್, ಆಸ್ಪಿರಿನ್‌ನಂಥ ಪ್ಲೇಟ್‌ಲೆಟ್ ನಿರೋಧಕಗಳು (ರಕ್ತ ಹೆಪ್ಪುಗಟ್ಟದಂತೆ ತಡೆಯುವವು) ಮತ್ತು ಸಕ್ಕರೆ ಇಳಿಸುವ ಮಾತ್ರೆಗಳು. ಇವೆಲ್ಲವೂ ನಾವು ದಿನನಿತ್ಯ ಬರೆದುಕೊಡುವ, ಸರಿಯಾಗಿ ಬಳಸಿದರೆ ಜೀವ ಉಳಿಸುವ ಔಷಧಗಳೇ. 1991ರಲ್ಲಿ ಮೊದಲು ಸಿದ್ಧವಾದ ಬೀರ್ಸ್ ಮಾನದಂಡ, 2008ರಲ್ಲಿ ಐರ್ಲೆಂಡಿನಿಂದ ಬಂದ ಸ್ಟಾಪ್-ಸ್ಟಾರ್ಟ್ ಮಾನದಂಡ ಇವೆರಡೂ ವೃದ್ಧರಿಗೆ ಯಾವುದು ತಕ್ಕುದಲ್ಲ ಎಂಬುದನ್ನು ತಿಳಿಸುತ್ತವೆ; ಮಂಚದ ಮೇಲೆ ಮಲಗಿರುವವರು ನಿನ್ನೆ ಏನು ನುಂಗಿದರು ಎಂಬುದನ್ನು ನಾವೇ ಕೇಳಿ ತಿಳಿಯಬೇಕು.

ಒಮ್ಮೆ ಮಾತು ನಿಂತು ಬಲಗೈ ಸೋತಿದ್ದ ವೃದ್ಧೆಯೊಬ್ಬರನ್ನು ಪಾರ್ಶ್ವವಾಯು ಎಂದೇ ಕರೆತಂದರು. ಬೆರಳ ತುದಿಯ ಹನಿ ರಕ್ತದಲ್ಲಿ ಸಕ್ಕರೆ 38 ಮಿ.ಗ್ರಾಂ/ಡೆ.ಲೀ., ಅಂದರೆ ತೀರಾ ಕಡಿಮೆ ಇತ್ತು. ಗ್ಲೂಕೋಸ್ ಕೊಟ್ಟ ಕೆಲವೇ ನಿಮಿಷಗಳಲ್ಲಿ ಅವರು ಕಣ್ಣು ತೆರೆದು ಅದೇ ಬಲಗೈಯಿಂದ ಮಗಳ ಕೈ ಹಿಡಿದರು. ಚೀಲದಲ್ಲಿದ್ದುದು ಸಕ್ಕರೆ ಇಳಿಸುವ ಮಾತ್ರೆ ಗ್ಲಿಬೆನ್‌ಕ್ಲಮೈಡ್. ಜ್ವರದಿಂದಾಗಿ ಎರಡು ದಿನ ಊಟ ಸೇರದಿದ್ದರೂ ಮಾತ್ರೆ ತಪ್ಪಬಾರದೆಂದು ಮನೆಯವರು ಕೊಡುತ್ತಲೇ ಬಂದಿದ್ದರು. ಇನ್ನೇನು ಮನೆಗೆ ಹೊರಡಬಹುದೆಂದು ಮಗಳು ಸಮಾಧಾನಪಟ್ಟುಕೊಂಡಿದ್ದಾಗ, ಮೂರು ಗಂಟೆಯ ಬಳಿಕ, ಸಕ್ಕರೆ ಮತ್ತೆ ಕುಸಿಯಿತು. ಈ ಔಷಧದಿಂದ ದೇಹದಲ್ಲಿ ಉಂಟಾಗುವ ಸಕ್ರಿಯ ಅಂಶಗಳು ಸೊರಗಿದ ಮೂತ್ರಪಿಂಡದಿಂದ ಬೇಗ ಹೊರಹೋಗುವುದಿಲ್ಲವಾದ್ದರಿಂದ, ಇಂಥವರನ್ನು ಕನಿಷ್ಠ ಒಂದು ದಿನವಾದರೂ ನಿಗಾದಲ್ಲಿ ಇಟ್ಟುಕೊಳ್ಳಲೇಬೇಕು.

ಮೂತ್ರಪಿಂಡದ ವಿಷಯದಲ್ಲಿ ನಾವು ಬಹಳ ಸುಲಭವಾಗಿ ಮೋಸಹೋಗುತ್ತೇವೆ. ಮೂತ್ರಪಿಂಡ ಸೋಸಿ ಹೊರಹಾಕುವ ತ್ಯಾಜ್ಯವಾದ ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುಗಳಿಂದ. ವಯಸ್ಸಾದಂತೆ ಸ್ನಾಯು ಕರಗುವುದರಿಂದ ಮೂತ್ರಪಿಂಡ ಬಳಲಿದ್ದರೂ ವರದಿಯಲ್ಲಿ ಅದರ ಮಟ್ಟ ಸಹಜವಾಗಿಯೇ ಕಾಣುತ್ತದೆ. ಕ್ರಿಯಾಟಿನಿನ್ 1.0 ಇರುವ, 70 ಕಿಲೋ ತೂಕದ 30 ವರ್ಷದ ಯುವಕನಿಗೆ ಕಾಕ್‌ಕ್ರಾಫ್ಟ್-ಗಾಲ್ಟ್ ಸೂತ್ರದಂತೆ ಲೆಕ್ಕ ಹಾಕಿದರೆ ಮೂತ್ರಪಿಂಡದ ಶೋಧನೆಯ ಪ್ರಮಾಣ ನಿಮಿಷಕ್ಕೆ ಸುಮಾರು 107 ಮಿಲಿ ಲೀಟರ್ ಬರುತ್ತದೆ. ಅದೇ 1.0 ಇರುವ, 45 ಕಿಲೋ ತೂಕದ 82 ವರ್ಷದ ಮಹಿಳೆಗೆ ಬರುವುದು ಸುಮಾರು 31 ಮಾತ್ರ. ಇದನ್ನು ಕಾಣದೆ ತೀವ್ರ ನೋವಿಗೆ ಕೊಡುವ ಮಾರ್ಫಿನ್ ಪೂರ್ಣ ಪ್ರಮಾಣದಲ್ಲಿ ಪದೇಪದೇ ಕೊಟ್ಟರೆ ಅದರ ಅಂಶ ದೇಹದಲ್ಲಿ ಶೇಖರವಾಗುತ್ತಾ ಹೋಗಿ ಉಸಿರಾಟವೇ ಕುಂದಬಹುದು. ಆದ್ದರಿಂದ ತೂಕವನ್ನು ಅಂದಾಜಿಸದೆ ಅಳೆಯಿರಿ ಎಂದು ಕಿರಿಯ ವೈದ್ಯರಲ್ಲಿ ವಿನಂತಿಸುತ್ತೇನೆ.

ನಮ್ಮ ಕೈಯಿಂದಲೇ ಆಗುವ ಹಾನಿಯನ್ನೂ ಮುಚ್ಚುಮರೆಯಿಲ್ಲದೆ ಹೇಳಬೇಕು. ರಕ್ತದೊತ್ತಡಕ್ಕೆ ರಾಮಿಪ್ರಿಲ್‌ನಂಥ ಮಾತ್ರೆಯನ್ನೂ ಜೊತೆಗೆ ಮೂತ್ರವರ್ಧಕವನ್ನೂ ತೆಗೆದುಕೊಳ್ಳುತ್ತಿರುವವರಿಗೆ ಮೊಣಕಾಲು ನೋವೆಂದು ಡೈಕ್ಲೋಫೆನಾಕ್ ಸೇರಿಸಿದರೆ, ಆ ಮೂರೂ ಕೂಡಿ ಮೂತ್ರಪಿಂಡವನ್ನು ಹಠಾತ್ತನೆ ಕೆಡಿಸಬಲ್ಲವು. ತುರಿಕೆಗೆಂದು ಕೊಡುವ ಹಳೆಯ ಬಗೆಯ ಅಲರ್ಜಿ ಚುಚ್ಚುಮದ್ದು, ನಿದ್ದೆಗೆಂದು ಕೊಡುವ ಡಯಾಜೆಪಾಮ್ ಇವು ರಾತ್ರಿ ಕಳೆಯುವುದರೊಳಗೆ ಸನ್ನಿ ಬರಿಸಬಹುದು. ಆ ಗಲಿಬಿಲಿಗೆ ಮತ್ತೊಂದು ಔಷಧ ಬರೆಯುವ ಮೊದಲು ಮೊದಲನೆಯದನ್ನು ನಿಲ್ಲಿಸುವುದು ಒಳಿತು. ಪಾರ್ಕಿನ್ಸನ್ ಕಾಯಿಲೆ ಇರುವವರಿಗೆ ವಾಂತಿಗೆಂದು ಮೆಟೊಕ್ಲೊಪ್ರಮೈಡ್ ಕೊಡಬಾರದು. ಅವರ ಲೆವೊಡೋಪಾ ಮಾತ್ರೆಯ ಹೊತ್ತು ನಮ್ಮ ಗಡಿಬಿಡಿಯಲ್ಲಿ ತಪ್ಪಿಹೋಗಲೂಬಾರದು. ನಾಡಿಯ ವೇಗ ತಗ್ಗಿಸುವ ಬೀಟಾ ನಿರೋಧಕ ಮಾತ್ರೆ ತೆಗೆದುಕೊಳ್ಳುವವರಲ್ಲಿ ಒಳಗೆ ರಕ್ತಸ್ರಾವವಾಗುತ್ತಿದ್ದರೂ ನಾಡಿ ಏರದಿರಬಹುದು. ಮಾತ್ರೆಯ ಹೆಸರು ಗೊತ್ತಿಲ್ಲದವರಿಗೆ ಆ ನಾಡಿ ಸುಳ್ಳು ಧೈರ್ಯ ಕೊಡುತ್ತದೆ.

ಬಂಧುಗಳಲ್ಲಿ ಒಂದು ಕೋರಿಕೆ. ಬರುವಾಗ ಚೀಟಿಯೊಂದನ್ನೇ ತರದೆ, ಕಣ್ಣಿನ ಹನಿ, ನೋವಿನ ಮುಲಾಮು, ನಾಟಿ ಔಷಧ ಎಲ್ಲವನ್ನೂ ಸೇರಿಸಿ ಮನೆಯಲ್ಲಿರುವ ಔಷಧಗಳನ್ನೇ ತನ್ನಿ. ರಕ್ತ ತೆಳುವಾಗಿಸುವ ಮಾತ್ರೆಯನ್ನು ಕೊನೆಯ ಬಾರಿ ಎಷ್ಟು ಹೊತ್ತಿಗೆ ನುಂಗಿದರು ಎಂಬುದನ್ನು ಹೇಳಿ. ಬಿದ್ದು ತಲೆಗೆ ಪೆಟ್ಟಾದವರಲ್ಲಿ ಮುಂದಿನ ನಿರ್ಧಾರಗಳು ಅದನ್ನೂ ಅವಲಂಬಿಸಿವೆ. ವಾರಕ್ಕೊಮ್ಮೆ ನುಂಗಬೇಕಾದ ಮೆಥೊಟ್ರೆಕ್ಸೇಟ್ ಅನ್ನು ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ, ಆದ್ದರಿಂದ ಅದನ್ನು ವಾರದ ಯಾವ ದಿನ ನುಂಗುತ್ತಾರೆ ಎಂಬುದನ್ನೂ ತಿಳಿಸಿ.

ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಆರಂಭಿಸಿದ ಔಷಧ ಸುರಕ್ಷತೆಯ ಅಭಿಯಾನವು ಬಹು ಔಷಧ ಸೇವನೆಯ ಜೊತೆಗೆ, ರೋಗಿಯ ಆರೈಕೆ ಒಂದೆಡೆಯಿಂದ ಇನ್ನೊಂದೆಡೆಗೆ ವರ್ಗವಾಗುವ ಗಳಿಗೆಯನ್ನೂ ಆದ್ಯತೆಯ ವಿಷಯವಾಗಿ ಗುರುತಿಸಿತು. ನಮ್ಮ ಘಟಕದಿಂದ ಮನೆಗೆ ಮರಳುವುದೂ ಅಂಥದೇ ಗಳಿಗೆ. ಹೊಸದು ಯಾವುದು, ಎಷ್ಟು ದಿನ, ನಿಲ್ಲಿಸಿದ್ದು ಯಾವುದು ಎಂಬುದನ್ನು ದೊಡ್ಡ ಅಕ್ಷರಗಳಲ್ಲಿ ಬರೆದುಕೊಟ್ಟು, ಮನೆಯವರ ಬಾಯಿಂದಲೇ ಒಮ್ಮೆ ಹೇಳಿಸಿ. ನಿಲ್ಲಿಸಿದ ಮಾತ್ರೆಗಳನ್ನು ಅವರ ಕಣ್ಣೆದುರೇ ಚೀಲದಿಂದ ಹೊರತೆಗೆದು, ಬೇರೆ ಲಕೋಟೆಗೆ ಹಾಕಿ, ಮೇಲೆ ‘ನಿಲ್ಲಿಸಲಾಗಿದೆ’ ಎಂದು ಬರೆದು, ಆ ದಿನದ ದಿನಾಂಕ ಹಾಕಿ ಕೊಡಿ.