ಬೋನಸ್ ಮಾರ್ಚ್‌ನಲ್ಲಿ ಬಂದರೆ, ಏಪ್ರಿಲ್‌ನಲ್ಲಿ ಬಂದರೆ

ಎಲ್ಲರಿಗೂ ನಮಸ್ಕಾರ.

ಬೋನಸ್‌ಗೆ ಟ್ಯಾಕ್ಸ್ ರೇಟೇ ಬೇರೆ ಎಂಬ ನಂಬಿಕೆ ತುಂಬಾ ಜನರಲ್ಲಿದೆ. ಹಾಗೇನಿಲ್ಲ. ಕಾನೂನಿನ ಲೆಕ್ಕದಲ್ಲಿ ಬೋನಸ್ ಅಂದರೆ ಸಂಬಳವೇ. ವರ್ಷದ ಆದಾಯಕ್ಕೆ ಅದನ್ನು ಸೇರಿಸಿ ಒಟ್ಟಿಗೆ ತೆರಿಗೆ ಹಾಕುತ್ತಾರೆ, ಅಷ್ಟೆ.

ಮತ್ತೆ ಬೋನಸ್ ಬಂದ ತಿಂಗಳ ಪೇ ಸ್ಲಿಪ್‌ನಲ್ಲಿ ಟಿಡಿಎಸ್ (ಕಂಪನಿ ಸಂಬಳದಲ್ಲೇ ಮುಂಚಿತವಾಗಿ ಹಿಡಿಯುವ ತೆರಿಗೆ) ಯಾಕೆ ಅಷ್ಟೊಂದು? 2025-26ರ ಹೊಸ ತೆರಿಗೆ ಪದ್ಧತಿಯ ದರದಲ್ಲೇ ನೋಡೋಣ. ನಿಮ್ಮ ತೆರಿಗೆ ಬೀಳುವ ಆದಾಯ 14 ಲಕ್ಷ, ಮೇಲೆ 1 ಲಕ್ಷ ಬೋನಸ್ ಬಂತು. ಆ ಸ್ಲ್ಯಾಬ್‌ಗೆ, ಅಂದರೆ ಆದಾಯದ ಆ ಹಂತಕ್ಕೆ, 15%. ತೆರಿಗೆಯ ಮೇಲೆ ಬೀಳುವ 4% ಸೆಸ್ ಸೇರಿ 15,600. ಬೋನಸ್ ಅಕ್ಟೋಬರ್‌ನಲ್ಲಿ ಬಂದರೆ ಕಂಪನಿ ಇದನ್ನು ಮಾರ್ಚ್‌ವರೆಗೆ ತಿಂಗಳಿಗೆ 2,600ರಂತೆ ಹಂಚಬಹುದು. ಮಾರ್ಚ್‌ನಲ್ಲೇ ಬಂದರೆ ಹಂಚಲು ತಿಂಗಳೇ ಉಳಿದಿಲ್ಲ, ಪೂರ್ತಿ ಒಂದೇ ಏಟಿಗೆ ಕಟ್. ನೋವು ಜಾಸ್ತಿ, ತೆರಿಗೆ ಅಷ್ಟೇ. ದಸರಾ, ದೀಪಾವಳಿ ಹೊತ್ತಿಗೆ ಬೋನಸ್ ಪಡೆಯುವ ಕಾರ್ಖಾನೆಯವರಿಗೆ ಆ ಮಟ್ಟಿಗೆ ಆರಾಮ.

ತಿಂಗಳು ಬದಲಾದರೆ ತೆರಿಗೆ ಬದಲಾಗದು. ಆರ್ಥಿಕ ವರ್ಷ (ಏಪ್ರಿಲ್‌ನಿಂದ ಮಾರ್ಚ್) ಬದಲಾದರೆ ಬದಲಾಗಬಹುದು. ಮಾರ್ಚ್ 31ಕ್ಕೂ ಏಪ್ರಿಲ್ 1ಕ್ಕೂ ಇರುವ ವ್ಯತ್ಯಾಸ ಅದೇ.

ಅದು ಅತಿ ಹೆಚ್ಚು ಕಾಡುವುದು 12 ಲಕ್ಷದ ಗಡಿಯಲ್ಲಿ. ತಿಂಗಳಿಗೆ 1 ಲಕ್ಷ ಸಂಬಳ, ಬೇರೆ ಆದಾಯ ಇಲ್ಲ ಅಂದುಕೊಳ್ಳಿ. ಸಂಬಳದವರಿಗೆಲ್ಲ ಸಿಗುವ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ 11.25 ಲಕ್ಷ. 12 ಲಕ್ಷದವರೆಗೆ ತೆರಿಗೆ ಬಿಟ್ಟುಕೊಡುವ ರಿಬೇಟ್ ಇರುವುದರಿಂದ ತೆರಿಗೆ ಸೊನ್ನೆ. ಮಾರ್ಚ್‌ನಲ್ಲಿ 75,000 ಬೋನಸ್ ಬಂದರೂ ಸರಿಯಾಗಿ 12 ಲಕ್ಷ, ಆಗಲೂ ಸೊನ್ನೆ. ಕಂಪನಿ ಖುಷಿಯಾಗಿ 1,25,000 ಕೊಟ್ಟಿತು ಅನ್ನಿ. ಆದಾಯ 12.5 ಲಕ್ಷ ಆಯಿತು. ಸ್ಲ್ಯಾಬ್ ಪ್ರಕಾರ ತೆರಿಗೆ 67,500. ಮಾರ್ಜಿನಲ್ ರಿಲೀಫ್ (12 ಲಕ್ಷ ದಾಟಿದ ಮೊತ್ತಕ್ಕಿಂತ ತೆರಿಗೆ ಹೆಚ್ಚಾಗದಂತೆ ಕೊಡುವ ರಿಯಾಯಿತಿ) ಸಿಕ್ಕಿ ಅದು 50,000ಕ್ಕೆ ಇಳಿಯುತ್ತದೆ, ಅಂದರೆ 12 ಲಕ್ಷ ದಾಟಿದಷ್ಟು ದುಡ್ಡು ಪೂರ್ತಿ ಹೋಯಿತು. ಅದರ ಮೇಲೆ ಸೆಸ್ 2,000. ಬೋನಸ್‌ನಲ್ಲಿ ಕೈಗೆ ಉಳಿದದ್ದು 73,000. 75,000 ಬೋನಸ್ ಪಡೆದ ಪಕ್ಕದ ಸೀಟಿನವರಿಗಿಂತ ಕಡಿಮೆ! ಇದಕ್ಕೆ 'ರಿಲೀಫ್' ಅಂತ ಹೆಸರಿಟ್ಟವರು ಯಾರೋ ಗೊತ್ತಿಲ್ಲ. ಆದಾಯ ಸುಮಾರು 12.70 ಲಕ್ಷ ದಾಟುವವರೆಗೂ ಇದೇ ಕಥೆ.

ಹಾಗಾದರೆ ಬೋನಸ್ ಅನ್ನು ಏಪ್ರಿಲ್‌ಗೆ ತಳ್ಳಿಸಿಕೊಂಡರೆ ಆಯ್ತು, ಅಲ್ವಾ? ಸ್ವಲ್ಪ ತಡೆಯಿರಿ. ಸಂಬಳಕ್ಕೆ ತೆರಿಗೆ ಬೀಳುವುದು ಅದು ನಿಮಗೆ ಸಲ್ಲಬೇಕಾದಾಗ ಅಥವಾ ಕೈಗೆ ಬಂದಾಗ, ಯಾವುದು ಮೊದಲೋ ಆಗ. ಇಂತಿಷ್ಟು ಬೋನಸ್ ಮಾರ್ಚ್ 31ಕ್ಕೆ ಕೊಡತಕ್ಕದ್ದು ಎಂದು ಪತ್ರದಲ್ಲೇ ಇದ್ದರೆ, ದುಡ್ಡು ಏಪ್ರಿಲ್ 5ಕ್ಕೆ ಬ್ಯಾಂಕಿಗೆ ಬಂದರೂ ಅದು ಮಾರ್ಚ್‌ನ ವರ್ಷದ ಆದಾಯವೇ. ಕೊಡುವುದು ಬಿಡುವುದು ಕಂಪನಿಯ ಇಷ್ಟ ಎಂದಿದ್ದು, ಅವರು ಏಪ್ರಿಲ್‌ನಲ್ಲೇ ತೀರ್ಮಾನಿಸಿ ಕೊಟ್ಟರೆ ಆಗ ಹೊಸ ವರ್ಷದ್ದು. ಹಾಗಾಗಿ ಎಚ್‌ಆರ್ ಹತ್ತಿರ ಮಾತಾಡುವುದಿದ್ದರೆ ಬೋನಸ್ ಗಟ್ಟಿಯಾಗುವ ಮುಂಚೆಯೇ ಮಾತಾಡಿ.

ಇನ್ನೊಂದು ವಿಷಯ. ಮುಂದಿನ ವರ್ಷವೂ ಇದೇ ಸಂಬಳ, ಇದೇ ಬೋನಸ್ ಇದ್ದರೆ ಏಪ್ರಿಲ್‌ಗೆ ತಳ್ಳಿ ಉಪಯೋಗವಿಲ್ಲ. ಈ ವರ್ಷದ ಏಪ್ರಿಲ್‌ನಲ್ಲಿ ಒಂದು, ಬರುವ ಮಾರ್ಚ್‌ನಲ್ಲಿ ಇನ್ನೊಂದು ಬಂದರಂತೂ ಎರಡೂ ಒಂದೇ ವರ್ಷಕ್ಕೆ ಬಿದ್ದು ಕೆಡುತ್ತದೆ. ತಳ್ಳಿ ಲಾಭ ಪಡೆಯುವವರು ಮುಂದಿನ ವರ್ಷ ಆದಾಯ ಇಳಿಯುವವರು: ಮಾರ್ಚ್ ಕೊನೆಗೆ ನಿವೃತ್ತಿ ಆಗುವವರು, ಕೆಲಸ ಬಿಟ್ಟು ಓದಲು ಹೋಗುವವರು, ಸಂಬಳವಿಲ್ಲದ ದೀರ್ಘ ರಜೆ ಹಾಕುವವರು. ಕಾಲೇಜು ಮುಗಿಸಿ ಜುಲೈನಲ್ಲಿ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರಿಗೆ ಇದು ಉಲ್ಟಾ. ಮೊದಲ ವರ್ಷ 9 ತಿಂಗಳ ಸಂಬಳ ಮಾತ್ರ. ಜಾಯ್ನಿಂಗ್ ಬೋನಸ್ ಆ ವರ್ಷವೇ ಬರಲಿ.

ಜಾಯ್ನಿಂಗ್ ಬೋನಸ್ ಅಂದಾಗ ಒಂದು ಎಚ್ಚರಿಕೆ ಹೇಳಲೇಬೇಕು. ಫೆಬ್ರವರಿಯಲ್ಲಿ ಪಡೆದಿರಿ, ತೆರಿಗೆ ಕಟ್ ಆಯಿತು. ಆಗಸ್ಟ್‌ನಲ್ಲಿ ಕೆಲಸ ಬಿಟ್ಟಿರಿ. ವರ್ಷ ತುಂಬಿಲ್ಲ, ವಾಪಸ್ ಕೊಡಿ ಅಂತಾರೆ. ಒಂದೇ ಆರ್ಥಿಕ ವರ್ಷದೊಳಗೆ ಆಗಿದ್ದರೆ ಕಂಪನಿಯವರೇ ಟಿಡಿಎಸ್ ಲೆಕ್ಕದಲ್ಲಿ ಸರಿಹೊಂದಿಸಬಹುದಿತ್ತು. ವರ್ಷ ದಾಟಿದ ಮೇಲೆ, ಆಗಲೇ ಕಟ್ಟಿದ ತೆರಿಗೆ ಹಿಂದೆ ಪಡೆಯುವುದು ಸುಲಭದ ಮಾತಲ್ಲ. ರಾಜೀನಾಮೆ ಕೊಡುವ ಮುಂಚೆ ಆಫರ್ ಲೆಟರ್ ತೆಗೆದು ನೋಡಿ: ವಾಪಸ್ ಕೊಡಬೇಕಾದದ್ದು ಟಿಡಿಎಸ್ ಕಳೆದು ಕೈಗೆ ಬಂದ ಮೊತ್ತವೋ, ಕಳೆಯುವ ಮುಂಚಿನ ಪೂರ್ತಿ ಮೊತ್ತವೋ?